ತಪ್ಪು ಹಿಡಿದವರಿಗೆ ಬೆಣ್ಣೆದೋಸೆ

ಜಲ್ಲಿ, ಮರಳು, ಸಿಮೆಂಟು ಮಾರುವ ನಾನು ಬಿ.ಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು ಎಂದರೆ ಗಿರಾಕಿಗಳು ನಗುತ್ತಾರೆ. "ಅಲ್ರೀ, ಹುಳ ಹುಪ್ಪಡಿ ಓದ್ಕಂಡು ಜಲ್ಲಿಗೆ ಹೆಂಗೆ ಬಂದ್ರಿ?" ಎಂದು ಕೇಳುತ್ತಾರೆ. ಮಾವನ ಅಂಗಡಿ ಇತ್ತು, ಕೂತೆ, ಅಷ್ಟೇ ಕಥೆ. ಆದರೆ ಆ ಓದು ದಂಡವಾಯಿತು ಎಂದು ಯಾರಾದರೂ ಅಂದರೆ ಮಾತ್ರ ನನಗೆ ಸರ್ರನೆ ಸಿಟ್ಟು ಬರುತ್ತದೆ. ಅಂಗಡಿ ಮೆಟ್ಟಿಲು ಹತ್ತಿದವನು ಕೊಳ್ಳುವವನೋ ಬರೀ ರೇಟು ಕೇಳಿ ಹೋಗುವವನೋ ಎಂದು ನಾನು ತಟ್ಟನೆ ತೀರ್ಮಾನ ಮಾಡುವುದಿಲ್ಲ. ಅವನು ಏನು ಮಾಡುತ್ತಾನೆ ಅಂತ ಮೊದಲು ನೋಡುತ್ತೇನೆ. ಇದನ್ನು ಕಲಿಸಿದವರು ನಮ್ಮ ಸರ್.

ಹೋದ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ, "ಬರಿ, ಹೆಸರು ಮಾತ್ರ ಹಾಕಬ್ಯಾಡ. ಹೆಸರು ಹಾಕಿದ್ರೆ ಓದೋರು ಹಕ್ಕಿ ಬಿಟ್ಟು ನನ್ನ ನೋಡ್ತಾರೆ" ಎಂದರು. ಹಾಗಾಗಿ ಹೆಸರಿಲ್ಲ. ಹಕ್ಕಿ ಯಾವುದು ಅನ್ನುವುದು ಮುಂದೆ ಬರುತ್ತದೆ.

ನಾನು ನಂದಿಗುಡಿಯಿಂದ ಬಸ್ಸಿನಲ್ಲಿ ದಾವಣಗೆರೆಗೆ ಓದಲು ಬರುತ್ತಿದ್ದವನು. ಮೊದಲ ಸೆಮಿಸ್ಟರಿನ ಒಂದು ಪತ್ರಿಕೆ ಸರ್ ಪಾಲಿಗಿತ್ತು. ವಿಕಾಸ, ಪರಿಸರ, ಪ್ರಾಣಿಗಳ ನಡವಳಿಕೆ, ಮೂರನ್ನೂ ಕಟ್ಟಿ ಒಂದೇ ಗಂಟು ಮಾಡಿದ ಪತ್ರಿಕೆ. ಮೊದಲ ದಿನ ಸರ್ ಒಳಗೆ ಬಂದವರೇ "ಕೂಡ್ರಿ" ಎಂದರು. ನಾವು ಕೂತೇ ಇದ್ದೆವು. ಆಮೇಲೆ ಗೊತ್ತಾಯಿತು, ಆ ಮಾತು ಅವರ ಬಾಯಿಂದ ತಾನಾಗಿ ಬರುತ್ತದೆ ಎಂದು. ಗದ್ದೆ ಬದುವಿನ ಮೇಲಿರಲಿ, ಹೊಳೆ ದಂಡೆಯಲ್ಲಿರಲಿ, ಜೇಬಿನ ಕರ್ಚೀಫು ತೆಗೆದು ನೆಲಕ್ಕೆ ಹಾಸಿ ಮೊದಲು ತಾವು ಕೂಡುವುದು, ಆಮೇಲೆ ನಮಗೆ ಹೇಳುವುದು. "ನಿಂತ್ಕಂಡು ನೋಡೋನು ಪೊಲೀಸು. ನೀವೇನು ಅದನ್ನ ಹಿಡಿಯಾಕೆ ಬಂದೀರೇನು? ಕೂಡ್ರಿ."

ಆವತ್ತು ಪುಸ್ತಕ ತರಲಿಲ್ಲ, ಬೋರ್ಡಿನ ಮೇಲೆ ಒಂದಕ್ಷರ ಬರೆಯಲಿಲ್ಲ. ಕಿಟಕಿ ತೆಗೆದರು. ಆಚೆ ಕ್ಯಾಂಟೀನಿನ ತಗಡಿನ ಮೇಲೆ ಒಂದು ಕಾಗೆ ಕೂತಿತ್ತು.

"ಏನು ಮಾಡ್ತೈತೆ ಹೇಳ್ರಿ," ಎಂದರು.

ನಾನು ಹುಮ್ಮಸ್ಸಿನಲ್ಲಿ ಎದ್ದು, "ಕಾಗೆಗೆ ಹಸಿವಾಗೈತೆ ಸರ್," ಎಂದೆ.

"ನಿನ್ನ ಹತ್ರ ಹೇಳ್ತೇನು?"

ಕ್ಲಾಸು ಗೊಳ್ಳೆಂದಿತು. ಪಕ್ಕದವನು ಎದ್ದು, ಅದು ತನ್ನ ಜೋಡಿಗೆ ಕಾಯುತ್ತಿದೆ ಎಂದ. "ನಿನಗೂ ಹೇಳೈತಾ? ಎಲ್ಲರ ಹತ್ರಾನೂ ಮಾತಾಡೈತಲ್ಲಪ್ಪ ಈ ಕಾಗೆ." ಹಿಂದಿನ ಬೆಂಚಿನ ಹುಡುಗಿ ಅದಕ್ಕೆ ಭಯವಾಗಿದೆ ಎಂದಳು. ಅವಳಿಗೂ ಅದೇ ಪ್ರಶ್ನೆ. ಒಂದು ತಾಸು ಹೀಗೇ ಹೋಯಿತು. ಬೆಲ್ಲು ಹೊಡೆಯುವ ಹೊತ್ತಿಗೆ, ಅದುವರೆಗೂ ಬಾಯಿ ಬಿಡದ ಒಬ್ಬಳು ಮೆಲ್ಲಗೆ, "ತಲೆ ಎಡಕ್ಕೆ ತಿರುಗಿಸ್ತು ಸರ್," ಎಂದಳು. ಸರ್ ಕಣ್ಣರಳಿಸಿ, "ಹಾಂ. ಇವತ್ತಿನ ಪಾಠ ಮುಗೀತು. ಮೊದ್ಲು ನೋಡಿದ್ದು ಹೇಳ್ರಿ, ಯಾಕ ಅನ್ನೋದು ಆಮ್ಯಾಲೆ. ಅಷ್ಟು ಬರ್ಕಳ್ರಿ," ಎಂದು ಹೊರಟೇಹೋದರು. ಇವರೆಂಥ ಮೇಷ್ಟ್ರು ಎಂದು ನಾವು ಮುಖ ಮುಖ ನೋಡಿಕೊಂಡೆವು.

ವಿಕಾಸದ ಪಾಠ ಇನ್ನೂ ಮಜವಾಗಿತ್ತು. ಒಂದು ದಿನ ದೊಡ್ಡ ಚೀಲದ ತುಂಬ ಮಂಡಕ್ಕಿ ಹೊತ್ತು ತಂದರು. ಅರ್ಧ ಬಿಳಿ ಮಂಡಕ್ಕಿ, ಅರ್ಧ ಅರಿಶಿನ ಖಾರ ಹಚ್ಚಿ ಒಗ್ಗರಣೆ ಹಾಕಿದ್ದು. ಮೇಜಿನ ಮೇಲೆ ಬಿಳಿ ಟವೆಲ್ಲು ಹಾಸಿ ಎರಡನ್ನೂ ಕಲಸಿ ಚೆಲ್ಲಿದರು. ನಾವು ಹಕ್ಕಿಗಳು. ಸಾಲಾಗಿ ಬಂದು, ನಿಲ್ಲದೆ ನಡೆಯುತ್ತಲೇ ಒಂದೊಂದು ಕಾಳು ಹೆಕ್ಕಬೇಕು. ಕೈಗೆ ಸಿಗುತ್ತಿದ್ದದ್ದೆಲ್ಲ ಹಳದಿಯದೇ. ಒಂದು ಸುತ್ತು ಮುಗಿದ ಮೇಲೆ, ಉಳಿದವು ಮಕ್ಕಳನ್ನು ಹಡೆದವು ಎಂದು ಉಳಿದ ಬಣ್ಣದ ಲೆಕ್ಕಕ್ಕೆ ತಕ್ಕಂತೆ ಇನ್ನಷ್ಟು ಸುರಿಯುತ್ತಿದ್ದರು. ಕೆಲವು ಸುತ್ತಿನಲ್ಲೇ ಟವೆಲ್ಲಿನ ಮೇಲೆ ಹಳದಿ ಹುಡುಕಿದರೂ ಸಿಗದಂತಾಯಿತು. ಆಮೇಲೆ ಟವೆಲ್ಲು ತೆಗೆದು ಹಳದಿ ಬಟ್ಟೆ ಹಾಸಿದರು, ಆಟ ತಿರುವುಮುರುವಾಯಿತು.

ನಡುವೆ ನಮ್ಮ ಗೆಳೆಯನೊಬ್ಬ ಸರದಿ ಬಿಟ್ಟು ಮುಷ್ಟಿ ಮುಷ್ಟಿ ಮುಕ್ಕಿದ. ಸರ್ ಅವನನ್ನು ಮುಂದೆ ನಿಲ್ಲಿಸಿ, "ನೋಡ್ರಪ್ಪ, ಪರಿಸರದಾಗೆ ಇಂಥದೊಂದು ಬಂದ್ರೆ ವಿಕಾಸನೂ ಇಲ್ಲ ಗಿಕಾಸನೂ ಇಲ್ಲ, ಚೀಲಾನೇ ಖಾಲಿ," ಎಂದರು. ಕೊನೆಗೆ ಟವೆಲ್ಲು ಝಾಡಿಸುತ್ತ ಹೇಳಿದ ಮಾತು ಇನ್ನೂ ನೆನಪಿದೆ. "ಯಾವ ಮಂಡಕ್ಕಿನೂ ನಾನು ಬಿಳಿ ಆಗ್ಬೇಕು ಅಂತ ಒದ್ದಾಡಲಿಲ್ಲ. ಕಣ್ಣಿಗೆ ಬಿದ್ದಿದ್ದು ಹೋತು, ಬೀಳದಿದ್ದು ಉಳೀತು. ಇದನ್ನ ಪರೀಕ್ಷೆಗೆ ಎರಡು ಪುಟ ಬರೀಬೇಕು, ಅದು ನಿಮ್ಮ ಕರ್ಮ." ಉಳಿದ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ತರಿಸಿದರು. ವಿಕಾಸ ಎಂದರೆ ನನಗೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ.

ಅವರ ಇನ್ನೊಂದು ಪದ್ಧತಿ ಕಾಲೇಜಿಗೆಲ್ಲ ಗೊತ್ತಿತ್ತು. ಪಾಠದಲ್ಲಿ ಅವರ ತಪ್ಪು ಹಿಡಿದವರಿಗೆ ಬೆಣ್ಣೆದೋಸೆ. ಹೋಟೆಲಿಗೆ ತಾವೇ ಕರೆದುಕೊಂಡು ಹೋಗಿ, ಎದುರು ಕೂತು, ಪಲ್ಯ ಇನ್ನಷ್ಟು ಹಾಕಿಸಿ, ಪೂರ್ತಿ ತಿನ್ನುವವರೆಗೂ ಏಳುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳ ತಪ್ಪು ಎತ್ತಿ ತೋರಿಸಿದರೆ ಇಂಟರ್ನಲ್ ಮಾರ್ಕ್ಸಿಗೆ ಕತ್ತರಿ ಬೀಳುತ್ತದೆ ಎಂದು ಹೆದರುತ್ತಿದ್ದ ನಮಗೆ ಇದು ವಿಚಿತ್ರವಾಗಿತ್ತು. ದೋಸೆಯ ಆಸೆಗೆ ಪಾಠದ ಹಿಂದಿನ ದಿನವೇ ಓದಿಕೊಂಡು ಬರುವವರು ಹುಟ್ಟಿಕೊಂಡರು. ಅದೇ ಅವರಿಗೆ ಬೇಕಾಗಿತ್ತೋ ಏನೋ. ಏನೋ ಎಂದು ಯಾಕೆ ಅನ್ನುತ್ತೇನೆಂದರೆ, ಅವರು ನನ್ನ ಹತ್ತಿರ ಹೇಳಿಲ್ಲವಲ್ಲ.

ನನಗೆ ದೋಸೆ ಸಿಕ್ಕಿದ್ದು ಹರಿಹರದಲ್ಲಿ. ಹೊಳೆ ದಂಡೆಗೆ ಪ್ರಾಕ್ಟಿಕಲ್ಲಿಗೆ ಹೋಗಿದ್ದೆವು. ಬಂಡೆಯ ಮೇಲೆ ರೆಕ್ಕೆ ಹರಡಿ ನಿಂತ ನೀರುಕಾಗೆಯನ್ನು ಎಲ್ಲರೂ ನೋಡುತ್ತಿದ್ದಾಗ ಸರ್ ಇದ್ದಕ್ಕಿದ್ದಂತೆ ಕೈ ಎತ್ತಿ ನಮ್ಮನ್ನು ಸುಮ್ಮನಾಗಿಸಿದರು. ನಡುನೀರಿನಲ್ಲಿ ಏನೋ ಕಪ್ಪಗೆ ತಲೆ ಎತ್ತಿ ಮುಳುಗುತ್ತಿತ್ತು. "ನೀರುನಾಯಿ," ಎಂದು ಪಿಸುಗುಟ್ಟಿದರು. ತುಂಗಭದ್ರೆಯಲ್ಲಿ ಅವು ಇವೆ, ಹಿಂಡಾಗಿ ಮೀನು ಹಿಡಿಯುತ್ತವೆ, ಒಂದಿದ್ದರೆ ಹಿಂದೆ ಇನ್ನೂ ಇರಬೇಕು ಎಂದು ಕೂತಲ್ಲೇ ಪಾಠ ಶುರು ಮಾಡಿದರು. ಅದು ತೇಲಿ ತೇಲಿ ಹತ್ತಿರ ಬಂತು. ಲಾರಿಯ ಹಳೇ ಟ್ಯೂಬು.

ನಾನೇ ಮೊದಲು, "ಸರ್, ನೋಡಿದ್ದು ಹೇಳ್ಲಾ?" ಎಂದೆ.

ಸರ್ ಟ್ಯೂಬನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ದಾವಣಗೆರೆಗೆ ವಾಪಸ್ಸು ಬರುವ ಬಸ್ಸಿನಲ್ಲೆಲ್ಲ, "ಟ್ಯೂಬಿಗೆ ಮೀಸೆ ಕಂಡಿತ್ತು ಕಣೋ ನನಗೆ," ಎಂದು ನೆನೆಸಿಕೊಂಡು ನಗುತ್ತಲೇ ಇದ್ದರು. ತಮ್ಮ ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಅದಕ್ಕಿಂತ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಈ ದೋಸೆಯ ಪದ್ಧತಿ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ಒಮ್ಮೆ ಅವರ ಮನೆಯಲ್ಲಿ ಚಹಾ ಕುಡಿಯುವಾಗ ನಾನು ಕೇಳಿಯೇಬಿಟ್ಟೆ, "ನಿಮಗೆ ಎಷ್ಟು ದೋಸೆ ಸಿಕ್ಕಾವೆ ಅಮ್ಮ?"

"ಮನ್ಯಾಗೆ ಆ ರೂಲ್ಸು ಇಟ್ರೆ ನನಗೆ ದಿನಾ ದೋಸೇನೇ ಊಟ ಆಗ್ತಿತ್ತು ತಮ್ಮಾ. ಅದಕ್ಕೇ ಇಟ್ಟಿಲ್ಲ," ಎಂದರು ಅಮ್ಮ. ಸರ್ ಪೇಪರಿನಿಂದ ತಲೆ ಎತ್ತಲಿಲ್ಲ.

ಆ ಮನೆ ಬಾಡಿಗೆಯದು. ದೇವರಾಜ ಅರಸು ಬಡಾವಣೆಯಲ್ಲಿತ್ತು. ಅದಕ್ಕೆ ಮೊದಲು ಅದೇ ಬಡಾವಣೆಯಲ್ಲಿ ಬೇರೆ ಬೇರೆ ಮನೆಗಳಲ್ಲಿದ್ದರು. ಒಬ್ಬ ಮಾಲೀಕ ಗೋಡೆಗೆ ಮೊಳೆ ಹೊಡೆಯಬಾರದು ಎಂದ, ಇನ್ನೊಬ್ಬ ಮಗನ ಮದುವೆಗೆ ಮನೆ ಬೇಕು ಎಂದು ಮಗಳ ಪರೀಕ್ಷೆಯ ನಡುವೆಯೇ ಖಾಲಿ ಮಾಡಿಸಿದ. ಅಮ್ಮನ ಹತ್ತಿರ ಒಂದು ಕರಿಬೇವಿನ ಗಿಡವಿತ್ತು. ಪೇಂಟಿನ ಡಬ್ಬದಲ್ಲಿ ನೆಟ್ಟಿದ್ದು. ಯಾವ ಮಾಲೀಕನೂ ಅದನ್ನು ನೆಲಕ್ಕೆ ಇಳಿಸಲು ಬಿಡಲಿಲ್ಲವಂತೆ. ಮನೆ ಬದಲಾಯಿಸಿದಾಗಲೆಲ್ಲ ಸಾಮಾನಿನ ಆಟೋದಲ್ಲಿ ಅಮ್ಮ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು. ಆವರಗೆರೆಯಲ್ಲಿ ಒಂದು ಸೈಟು ತೆಗೆದುಕೊಂಡು ಎಷ್ಟೋ ವರ್ಷವಾಗಿತ್ತು. ಮಗಳ ಓದು, ಮದುವೆ, ಒಂದಲ್ಲ ಒಂದು ಬಂದು ಮನೆ ಮುಂದಕ್ಕೆ ಹೋಗುತ್ತಲೇ ಇತ್ತು.

ಕೊನೆಗೆ ಸರ್ ಅಮ್ಮನಿಗೆ ಮಾತು ಕೊಟ್ಟರು. ತಾವು ರಿಟೈರ್ ಆಗುವ ದಿನದೊಳಗೆ ಅಮ್ಮ ತಮ್ಮ ಸ್ವಂತ ಅಡುಗೆಮನೆಯಲ್ಲಿ ಹಾಲು ಉಕ್ಕಿಸಬೇಕು. ಇದನ್ನು ಅವರು ನನ್ನ ಅಂಗಡಿಗೆ ಬಂದು ಜಲ್ಲಿ ಹೇಳಿದ ದಿನವೇ ನನಗೂ ಹೇಳಿದರು. "ನೋಡಪ್ಪ, ನಾನು ಎಲ್ಲಾ ವಿಷಯದಾಗೂ ತಪ್ಪು ಮಾಡ್ಬಹುದು. ಇದ್ರಾಗೆ ಮಾಡಂಗಿಲ್ಲ. ಅವಳು ಒಂದು ಸಲಾನೂ ಕೇಳಿಲ್ಲ, ಅದೇ ಭಯ." ಯಾವಾಗಲೂ ನಗುವ ಮನುಷ್ಯ ಅವತ್ತು ನಗಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಪಾಯ ಮುಗಿದು, ಒಳಗೆಲ್ಲ ಗರಸು ಮಣ್ಣು ತುಂಬಿ ದಮ್ಮಸ್ಸು ಹಾಕಿ ಗಟ್ಟಿ ಮಾಡಿದ್ದರು. ಜಲ್ಲಿ ನಾನೇ ಕಳಿಸಿದೆ, ಸೈಟಿನ ಮುಂದೆ ಗುಡ್ಡೆ ಬಿತ್ತು. ಮೇಸ್ತ್ರಿ ಹಬ್ಬಕ್ಕೆ ಊರಿಗೆ ಹೋದವನು ಯುಗಾದಿ ಮುಗಿಸಿಕೊಂಡೇ ಬಂದ. ಇನ್ನು ಗೋಡೆ ಎಬ್ಬಿಸಿ, ಮೇ ನಡುವಿಗೆ ಛಾವಣಿ ಹಾಕಿದರೆ ಸರ್ ಮಾತು ಉಳಿಯುತ್ತದೆ. ಆದರೆ ಈ ನಡುವೆ ಖಾಲಿ ಬಿದ್ದ ಸೈಟಿಗೆ ಟಿಟ್ಟಿಭದ ಜೋಡಿಯೊಂದು ಬಂದಿತ್ತು. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು, ಮನುಷ್ಯ ಕಂಡರೆ ಊರೆಲ್ಲ ಕೇಳುವ ಹಾಗೆ ಕೂಗುತ್ತದಲ್ಲ, ಅದೇ. ಅದು ಗೂಡು ಕಟ್ಟುವುದಿಲ್ಲ, ಕಲ್ಲು ಗರಸಿನ ಬಯಲಲ್ಲೇ ಮೊಟ್ಟೆ ಇಡುತ್ತದೆ. ಕೆಲಸದವರು ಹತ್ತಿರ ಬಂದಾಗಲೆಲ್ಲ ಒಂದು ಹಕ್ಕಿ ಓಡಿ ಹೋಗಿ ಜಲ್ಲಿ ಗುಡ್ಡೆಯ ನೆತ್ತಿಯ ಮೇಲೆ ಪುಕ್ಕ ಉಬ್ಬಿಸಿಕೊಂಡು ಕೂಡುತ್ತಿತ್ತು.

ಸರ್ ದೂರದಿಂದ ನೋಡಿದರು. "ಕಾವಿಗೆ ಕೂತೈತೆ. ಯಾರೂ ಹತ್ರ ಹೋಗಬ್ಯಾಡ್ರಿ." ಗುಡ್ಡೆಯ ಸುತ್ತ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗಿಬಿಟ್ಟರು. ಹಕ್ಕಿಗೆ ತೊಂದರೆಯಾಗಬಾರದೆಂದು ತಾವೂ ಹತ್ತಿರ ಹೋಗಲಿಲ್ಲ. ನನಗೆ ಫೋನ್ ಮಾಡಿ, "ಇನ್ನೊಂದು ಲೋಡು ಜಲ್ಲಿ ಹಾಕಪ್ಪ, ರಸ್ತೆ ಕಡೆ. ಇದು ಒಂದು ತಿಂಗಳು ಟಿಟ್ಟಿಭದ್ದು," ಎಂದರು. ನನ್ನ ಸರ್ವೀಸಿನಲ್ಲಿ ಹಕ್ಕಿಗೆ ಜಲ್ಲಿ ಸಪ್ಲೈ ಮಾಡಿದ್ದು ಅದೇ ಮೊದಲು.

ಮೇಸ್ತ್ರಿ ಮುಂದಿನ ಪಡಸಾಲೆಯ ಗೋಡೆ ಹಿಡಿದ. ಹಿಂದಿನ ಕಡೆ ಯಾರಾದರೂ ಹೋದರೆ ಹಕ್ಕಿಗಳು ತಲೆಯ ಮೇಲೇ ಎರಗುತ್ತಿದ್ದವು, ಹಾಗಾಗಿ ಯಾರೂ ಹೋಗುತ್ತಿರಲಿಲ್ಲ. ಅಮ್ಮ ಮಾತ್ರ ಮಧ್ಯಾಹ್ನ ಬುತ್ತಿ ತಂದು, ಸರ್ ಕಾಲೇಜಿನಿಂದ ಬರುವವರೆಗೂ ಹಿಂಬದಿಯ ಬೇವಿನ ನೆರಳಲ್ಲಿ ಛತ್ರಿ ಹಿಡಿದು ಕೂಡುತ್ತಿದ್ದರು. ಎದುರಿಗೇ ಅವರ ಅಡುಗೆಮನೆಯ ಜಾಗ. ಒಲೆ ಇಲ್ಲಿ, ಸಿಂಕು ಅಲ್ಲಿ, ಡಬ್ಬಗಳ ಕಪಾಟು ಈ ಗೋಡೆಗೆ ಎಂದು ಮನಸ್ಸಿನಲ್ಲೇ ಸಾಮಾನು ಜೋಡಿಸುತ್ತ ಕೂತಿರುತ್ತಿದ್ದರಂತೆ. ದಿನಾ ಕಂಡ ಹಕ್ಕಿಗಳು ಅವರಿಗೆ ಕೂಗುವುದನ್ನೇ ಬಿಟ್ಟವು.

ಒಂದು ಮಧ್ಯಾಹ್ನ ನಾನು ಸಿಮೆಂಟು ಇಳಿಸಿಕೊಟ್ಟು ನಿಂತಿದ್ದೆ. ಸರ್ ಬಂದರು. ಅಮ್ಮ ಕೂತಲ್ಲಿಂದಲೇ, "ನೋಡ್ರಿ, ಹಕ್ಕಿ ಇಲ್ಲಿ ಕೂಡ್ತು," ಎಂದರು.

"ಎಲ್ಲಿ?"

"ಒಲೆ ಬರೋ ಮೂಲ್ಯಾಗೆ. ನಿಮ್ಮ ಗುಡ್ಡೆ ಮ್ಯಾಲೆ ಅಲ್ಲ."

"ಸುಮ್ನೆ ದಣಿವಾರಿಸಿಕೊಳ್ಳಾಕೆ ಕೂತಿರ್ತೈತೆ ಬಿಡು."

ಅಮ್ಮ ಛತ್ರಿ ಮಡಿಚಿದರು. "ಯಾಕ ಕೂಡ್ತು ಅಂತ ನಾನೆಲ್ಲಿ ಹೇಳಿದೆ? ಕೂಡ್ತು ಅಂತ ಹೇಳಿದೆ."

ಸರ್ ಮೆಲ್ಲಗೆ ಪಾಯ ಹತ್ತಿ, ಒಂದೊಂದೇ ಹೆಜ್ಜೆ ಇಡುತ್ತ ಆ ಮೂಲೆಗೆ ಹೋದರು. ಹಕ್ಕಿಗಳು ತಲೆಯ ಮೇಲೆ ಕಿರುಚಾಡಿದವು. ನಾನೂ ಹಿಂದೆ ಹೋಗಿ ನೋಡಿದೆ, ಮೊದಲು ಏನೂ ಕಾಣಲಿಲ್ಲ. ಸರ್ ಬೆರಳು ತೋರಿಸಿದ ಮೇಲೆ ಕಂಡಿತು. ಗರಸಿನ ಬಣ್ಣದ್ದೇ, ಮೇಲೆ ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾನೇ ತುಳಿಯುತ್ತಿದ್ದೆ.

ಇಬ್ಬರೂ ಹಿಂದಕ್ಕೆ ಬಂದೆವು. ಸರ್ ಬೇವಿನ ಬುಡದಲ್ಲಿ ಕರ್ಚೀಫು ಹಾಸದೆಯೇ ಕುಸಿದು ಕೂತರು. ನನಗೆ ಹೆದರಿಕೆಯಾಯಿತು. ಆಮೇಲೆ ಅವರ ಭುಜ ಕುಣಿಯತೊಡಗಿತು. ನಗು. ಹರಿಹರದ ಟ್ಯೂಬಿಗೆ ನಕ್ಕದ್ದಕ್ಕಿಂತ ಜಾಸ್ತಿ.

"ಸುಳ್ಳು ಕಾವು ಕಣೋ," ಎಂದರು ಕಣ್ಣೊರೆಸಿಕೊಳ್ಳುತ್ತ. "ಶತ್ರು ಬಂದ್ರೆ ಮೊಟ್ಟೆ ಇಲ್ಲದ ಕಡೆ ಹೋಗಿ ಕಾವಿಗೆ ಕೂತಂಗೆ ನಟನೆ ಮಾಡ್ತೈತೆ. ಶತ್ರು ಅಲ್ಲೇ ಹುಡುಕ್ತಾನೆ, ಮೊಟ್ಟೆ ಉಳೀತಾವೆ. ವರ್ಷಾ ವರ್ಷಾ ಇದನ್ನೇ ಕಲಿಸೀನಿ. ಪ್ರಶ್ನೆಪತ್ರಿಕ್ಯಾಗೂ ಕೇಳೀನಿ. ಈಗ ನೋಡು, ಖಾಲಿ ಗುಡ್ಡೆಗೆ ಹಗ್ಗ ಕಟ್ಟಿ ಕಾವಲು ಕೂತೀನಿ."

ಅಮ್ಮನೂ ನಕ್ಕರು, ನಾನೂ ನಕ್ಕೆ. ಆದರೆ ಮೇಸ್ತ್ರಿ ನಗಲಿಲ್ಲ. ಗುಡ್ಡೆಯ ಮೇಲಿದ್ದರೆ ಬೇರೆ ಜಲ್ಲಿ ತರಿಸಿ ಕೆಲಸ ನಡೆಸಬಹುದಿತ್ತು. ಮೊಟ್ಟೆ ಇರುವುದು ಮನೆಯೊಳಗೆ. ಗೋಡೆ ಎಬ್ಬಿಸುವುದಾದರೂ ಹೇಗೆ? "ಅಗ್ನಿಮೂಲೆನೇ ಹುಡುಕಿ ಇಟ್ಟೈತೆ ನೋಡ್ರಿ, ಹಕ್ಕಿಗೂ ವಾಸ್ತು ಗೊತ್ತೈತೆ," ಎಂದ. "ಅದು ಗರಸು ನೋಡ್ತು ಮೇಸ್ತ್ರಿ, ವಾಸ್ತು ಅಲ್ಲ," ಎಂದರು ಸರ್, ಅಂಥ ಹೊತ್ತಿನಲ್ಲೂ ಬಿಡದೆ. ಮೇಸ್ತ್ರಿ ಮತ್ತೆ, "ಒಂದು ಬುಟ್ಟ್ಯಾಗೆ ಮಣ್ಣು ಹಾಕಿ, ಮೊಟ್ಟೆ ಎತ್ತಿ ಆ ಕಡೆ ಇಟ್ರಾತು. ಇಲ್ಲಾಂದ್ರೆ ಕೆಲಸ ನಿಂತಂಗೆ. ಛಾವಣಿ ಮೇ ತಿಂಗಳಿಗೆ ಆಗಂಗಿಲ್ಲ ಸರ್, ಆಮ್ಯಾಲೆ ನನ್ನ ಕೇಳಬ್ಯಾಡ್ರಿ," ಎಂದ.

ಸರ್ ಮುಖ ಇಳಿದುಹೋಯಿತು. ಎತ್ತಿಟ್ಟ ಮೊಟ್ಟೆಗೆ ಹಕ್ಕಿ ಮತ್ತೆ ಕೂಡುವುದು ಅನುಮಾನ ಎಂದು ಅವರಿಗೆ ಗೊತ್ತು. ಕೆಲಸ ನಿಲ್ಲಿಸಿದರೆ ಅಮ್ಮನಿಗೆ ಕೊಟ್ಟ ಮಾತು ಹೋಗುತ್ತದೆ ಎಂದೂ ಗೊತ್ತು. ಯಾವ ವಿಷಯ ಎತ್ತಿದರೂ ಒಂದು ತಾಸು ಮಾತಾಡುವವರು ಅವತ್ತು ಹೆಂಡತಿಯ ಮುಖ ನೋಡಿ ನೆಲ ನೋಡಿದರು. "ನೀನು ಹೇಳಿದಂಗೆ," ಎಂದಷ್ಟೇ ಅಂದರು. ಅಮ್ಮ ಬುತ್ತಿಯ ಕ್ಯಾರಿಯರ್ ಎತ್ತಿಕೊಂಡು ರಸ್ತೆಗೆ ಹೋಗಿ ಆಟೋ ಹತ್ತಿದರು. ಯಾರ ಪರ ಎಂದು ಕೇಳಿದ್ದರೆ ನಾನು ಅಮ್ಮನ ಪರ ಎಂದೇ ಹೇಳುತ್ತಿದ್ದೆ. ಅಷ್ಟು ವರ್ಷ ಕಾದವರು ಅವರು.

ಮಾರನೆಯ ಬೆಳಿಗ್ಗೆ ಏನಾಯಿತೋ ನೋಡೋಣ ಎಂದು ನಾನೂ ಹೋದೆ. ಅಮ್ಮ ನಮಗಿಂತ ಮೊದಲೇ ಬಂದಿದ್ದರು.

"ಮೇಸ್ತ್ರಿ, ಒಂದು ತಿಂಗಳು ನೀವು ಬೇರೆ ಕಡೆ ಕೆಲಸ ಹಿಡ್ಕಳ್ರಿ," ಎಂದರು. ಮೇಸ್ತ್ರಿ ಏನೋ ಹೇಳಲು ಹೋದ. ಅಮ್ಮ ಬಿಡಲಿಲ್ಲ. "ಬಾಡಿಗೆಗೆ ಬಂದೋರನ್ನ ನಡುವೆ ಎಬ್ಬಿಸಬಾರದು. ಅದ್ರಾಗೂ ಮಕ್ಕಳ ಕೆಲಸ ನಡೆದಾಗ. ಅದು ಹೆಂಗಿರ್ತೈತೆ ಅಂತ ನನಗೆ ಗೊತ್ತು."

ಅಮ್ಮ ಸರ್ ಕಡೆ ತಿರುಗಿ, "ಮತ್ತೆ ನನ್ನ ದೋಸೆ?" ಎಂದರು.

ಅವತ್ತು ಮೂವರೂ ಹೋಟೆಲಿಗೆ ಹೋದೆವು. ಸರ್ ಎದುರು ಕೂತು ಪಲ್ಯ ಹಾಕಿಸುತ್ತಿದ್ದರು, ಅಮ್ಮ ಸಾವಕಾಶವಾಗಿ ತಿನ್ನುತ್ತಿದ್ದರು. ಒಂದು ಮುಗಿದ ಮೇಲೆ ಇನ್ನೊಂದು ಹೇಳಿದರು. "ತಪ್ಪು ದೊಡ್ಡದೈತೆ," ಎಂದರು ನನಗೆ.

ಆ ತಿಂಗಳು ಸರ್ ತಮ್ಮ ಕೊನೆಯ ಬ್ಯಾಚಿನ ಹುಡುಗ ಹುಡುಗಿಯರನ್ನು ಸರದಿಯ ಮೇಲೆ ಆವರಗೆರೆಗೆ ಕರೆತಂದರು. ಎಲ್ಲರಿಗೂ ಬೇವಿನ ನೆರಳಲ್ಲಿ "ಕೂಡ್ರಿ". ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ಗರಸಿನ ಮೇಲೆ ಬರಿಗಾಲು ಇಡುವ ಹಾಗಿಲ್ಲ. ಹಕ್ಕಿ ದೂರದ ಹೊಂಡಕ್ಕೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತಿತ್ತು. ಇದನ್ನು ಕಂಡ ಅಮ್ಮ ಒಂದು ಅಗಲ ಬೋಗುಣಿಯಲ್ಲಿ ನೀರು ತಂದು ಪಾಯದ ಪಕ್ಕದಲ್ಲಿಟ್ಟರು. ಸರ್ ಹೌಹಾರಿದರು. "ನೀರು ಇಡಬಾರದು. ನಾವು ನೋಡೋರು ಮಾತ್ರ, ನಡುವೆ ಕೈ ಹಾಕಂಗಿಲ್ಲ. ಪ್ರಾಕ್ಟಿಕಲ್ ಕೆಡ್ತೈತೆ."

"ನೀವು ನೋಡೋರು. ನಾನು ಮನೆ ಓನರು. ನೀರಿನ ಕನೆಕ್ಷನ್ ಕೊಡೋದು ಓನರ್ ಕೆಲಸ," ಎಂದರು ಅಮ್ಮ. ವಿದ್ಯಾರ್ಥಿಗಳೆಲ್ಲ ತಲೆ ತಗ್ಗಿಸಿ ನಕ್ಕರು. ಬೋಗುಣಿ ಅಲ್ಲೇ ಉಳಿಯಿತು. ಹಕ್ಕಿ ಅದಕ್ಕೆ ಬಂತು ಕೂಡ.

ಮೇ ಶುರುವಿನಲ್ಲಿ ಮೊಟ್ಟೆ ಒಡೆದು ಮರಿ ಹೊರಬಂದವು. ಹುಟ್ಟಿದ ಮರಿಗಳು ಎದ್ದು ಓಡಿಯೇಬಿಡುತ್ತವೆ, ಗೂಡಿನ ಹಂಗಿಲ್ಲ. ಅಪ್ಪ ಅಮ್ಮನ ಹಿಂದೆ ಪಾಯ ಇಳಿದು ಪಕ್ಕದ ಖಾಲಿ ಸೈಟಿನ ಹುಲ್ಲಿಗೆ ಹೋಗಿ ಸೇರಿಕೊಂಡವು. ಮೇಸ್ತ್ರಿ ಬಂದ, ಗೋಡೆ ಮತ್ತೆ ಏಳತೊಡಗಿತು. ಅವನೂ ಹಟಕ್ಕೆ ಬಿದ್ದಂತೆ ದುಡಿದ. ಆದರೆ ತಿಂಗಳ ಕೊನೆಗೆ ಗೋಡೆ ಭುಜದೆತ್ತರಕ್ಕೆ ಬಂದು ನಿಂತಿತು. ಛಾವಣಿ ಆಗಲಿಲ್ಲ.

ರಿಟೈರ್ ಆಗುವ ದಿನದ ಬೀಳ್ಕೊಡುಗೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಬಂದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಹೊಗಳಿಕೆ ಎಲ್ಲ ಮುಗಿದ ಮೇಲೆ ಸರ್ ಮೈಕಿನ ಮುಂದೆ ನಿಂತು, ಅಭ್ಯಾಸಬಲದಿಂದ, "ಕೂಡ್ರಿ," ಎಂದರು. ಚಪ್ಪಾಳೆ ಬಿತ್ತು. ತಮ್ಮ ಸಾಧನೆ ಹೇಳಲಿಲ್ಲ. ಖಾಲಿ ಜಲ್ಲಿ ಗುಡ್ಡೆಗೆ ಹಗ್ಗ ಕಟ್ಟಿದ ಕಥೆ ಹೇಳಿದರು. "ನನ್ನ ಸರ್ವೀಸಿನ ಕೊನೇ ದೋಸೆ ನಮ್ಮ ಮನೆಯವರು ತಿಂದ್ರು. ನಾನು ಅವರಿಗೆ ಒಂದು ಮಾತು ಕೊಟ್ಟಿದ್ದೆ, ಅದು ಉಳೀಲಿಲ್ಲ," ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಗಡಿಯಾರ ನೋಡಿಕೊಂಡು ಎದ್ದು, ನನ್ನ ಹತ್ತಿರ ಬಂದು, "ತಮ್ಮಾ, ನಿನ್ನ ಗಾಡಿ ಐತಲ್ಲ?" ಎಂದರು.

ನನ್ನ ಗೂಡ್ಸ್ ಗಾಡಿಯಲ್ಲಿ ಸರ್, ಅಮ್ಮ, ಹಿಂದೆ ನಾಲ್ಕಾರು ವಿದ್ಯಾರ್ಥಿಗಳು. ಎಲ್ಲಿಗೆ ಎಂದು ಸರ್ ಕೇಳುತ್ತಲೇ ಇದ್ದರು, ಅಮ್ಮ ನನಗೆ ಕೈಯಲ್ಲೇ ದಾರಿ ತೋರಿಸುತ್ತಿದ್ದರು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಆವರಗೆರೆಯ ಸೈಟಿನಲ್ಲಿ ಮೇಸ್ತ್ರಿ ಅಡುಗೆಮನೆಯ ಗರಸಿಗೆ ನೀರು ಚಿಮುಕಿಸಿ, ಆ ಮೂಲೆಯಲ್ಲೇ ಇಟ್ಟಿಗೆ ಜೋಡಿಸಿ, ಮೇಲೆ ಅಮ್ಮನ ಗ್ಯಾಸಿನ ಒಲೆ ಇಟ್ಟಿದ್ದ. ಬಾಗಿಲಿಲ್ಲದ ಬಾಗಿಲಿಗೆ ಮಾವಿನ ತೋರಣ. ಹಿಂದೆ, ಬೇವಿನ ಗಿಡದಿಂದ ಸ್ವಲ್ಪ ದೂರಕ್ಕೆ, ಕರಿಬೇವು ಡಬ್ಬದಿಂದ ಇಳಿದು ನೆಲದಲ್ಲಿ ನಿಂತಿತ್ತು. ಬುಡದಲ್ಲಿ ಹಸಿ ಮಣ್ಣಿತ್ತು.

"ಛಾವಣಿ ಮಾತು ಎಲ್ಲಿತ್ರಿ ಅದ್ರಾಗೆ?" ಎಂದರು ಅಮ್ಮ, ಒಲೆ ಹಚ್ಚುತ್ತ. "ನನ್ನ ಅಡುಗೆಮನ್ಯಾಗೆ ಹಾಲು ಉಕ್ಕಬೇಕು ಅಂದಿದ್ರಿ. ಇದು ನನ್ನ ಅಡುಗೆಮನೆ. ಇದು ಹಾಲು."

ಹಾಲು ಏರಿತು, ಪಾತ್ರೆಯ ಅಂಚು ದಾಟಿ ಉಕ್ಕಿ ಚುರ್ರೆಂದಿತು. ಮೇಲೆ ಬರೀ ಆಕಾಶ. ಪಕ್ಕದ ಹುಲ್ಲಿನಿಂದ ಟಿಟ್ಟಿಭ ಕೂಗಿತು. ಸರ್ ತಲೆ ಎತ್ತಿ ಇಲ್ಲದ ಛಾವಣಿಯನ್ನು ಒಮ್ಮೆ ನೋಡಿದರು, ಗೋಡೆ ನೋಡಿದರು. ಆಮೇಲೆ ಹತ್ತಿರ ಹೋಗಿ, ನಮಗೆ ಕೇಳಬಾರದೆಂದು ಮೆಲ್ಲಗೆ, "ನಿನಗೆ ಬ್ಯಾಸರ ಆಗೈತೇನು?" ಎಂದು ಕೇಳಿದರು. ನಮಗೆಲ್ಲ ಕೇಳಿಸಿತು.

ಅಮ್ಮ ಹಾಲಿಗೆ ಸಕ್ಕರೆ ಹಾಕುತ್ತಿದ್ದವರು ತಲೆ ಎತ್ತಿದರು. "ಮೊದ್ಲು ನೋಡಿದ್ದು ಹೇಳ್ರಿ. ಯಾಕ ಅನ್ನೋದು ಆಮ್ಯಾಲೆ."

ಸರ್ ಜೇಬಿನಿಂದ ಕರ್ಚೀಫು ತೆಗೆದು, ಅಡುಗೆಮನೆಯ ನೆಲಕ್ಕೆ ಹಾಸಿ ಕೂತರು. ಕೂತು ಹೆಂಡತಿಯ ಮುಖವನ್ನು ನೋಡಿದರು. ಹೊಳೆ ದಂಡೆಯಲ್ಲಿ ಹಕ್ಕಿ ನೋಡುವಾಗ ನೋಡುತ್ತಿದ್ದರಲ್ಲ, ಹಾಗೆ, ಅವಸರವಿಲ್ಲದೆ.

"ನಗ್ತಾ ಇದೀ," ಎಂದರು.

"ಆತು. ಅಷ್ಟು ಬರ್ಕಳ್ರಿ," ಎಂದು ಅಮ್ಮ ಮೊದಲ ಲೋಟ ಅವರ ಕೈಗೆ ಕೊಟ್ಟರು.